ನಲ್ಲಿ ಅಕ್ಕ ಗೋಡೆಗೆ ನೀಲಿ ಬರಿಸಿದ್ದು

“ರಿಯಾಯ್ತಿ ಚೀಟಿ ಬಂತು ಅಂದ್ರೆ ನಂಗೇನೂ ಹೊಟ್ಟೆಕಿಚ್ಚಿಲ್ಲಮ್ಮ. ನಲ್ಲಿಗೆ ವಾಷರ್ ಹಾಕೋದು, ಕಿರುಗುಟ್ಟೋ ಬಾಗಿಲಿಗೆ ಎಣ್ಣೆ ಬಿಡೋದು, ಇಂಥದ್ದಕ್ಕೆ ಅರ್ಧ ರೇಟು ಅಂದ್ರೆ ಕಣ್ಮುಚ್ಕೊಂಡು ಕರೀರಿ. ಆದ್ರೆ ಚೀಟೀಲಿ ಇಲ್ಲದ ಕೆಲಸ ತೋರಿಸಿ ‘ಒಡೀಬೇಕು’ ಅಂದ್ರೆ, ಕಾಫಿ ಕೊಟ್ಟು ಕಳಿಸ್ಬಿಡಿ. ಒಡೆಯೋಕೆ ಯಾರಿಗೆ ಬರಲ್ಲ? ನಮ್ಮ ಮಾವ ಹೇಳೋರು, ನೀರು ಎಲ್ಲಿಂದ ಹೊರಟಿದೆ ಅಂತ ಮೊದಲು ನೋಡು, ಸುತ್ತಿಗೆ ಆಮೇಲೆ ಹುಡುಕು ಅಂತ.”

ಇದು ನಮ್ಮ ಬೀದಿಯ ನಲ್ಲಿ ಅಕ್ಕನ ಮಾತು. ನಲ್ಲಿ ರಿಪೇರಿ ಮಾಡುತ್ತಿದ್ದ ಮಾವನ ಕಣ್ಣು ಮಂಜಾದಾಗ ಅವರ ಚೀಲ ಹಿಡಿದು ಜೊತೆಗೆ ಹೊರಟವಳು. ಅವರು ಹೋದ ಮೇಲೂ ಚೀಲ ಕೆಳಗಿಡಲಿಲ್ಲ.

ಹೋದ ತಿಂಗಳ ಮಾತು, ನನ್ನ ಮಗಳು ಕೂಸನ್ನು ಕರೆದುಕೊಂಡು ನಮ್ಮ ಮನೆಗೆ ಬರಲು ಹತ್ತೇ ದಿನ ಉಳಿದಿತ್ತು. ಕೂಸು ತೂಕ ಕಡಿಮೆ, ತೇವದ ಕೋಣೆ ಆಗದು ಎಂದು ಡಾಕ್ಟರು ಹೇಳಿದ್ದರು. ಅವರಿಗೆಂದು ಇಟ್ಟ ಕೋಣೆಯ ಗೋಡೆಯೋ, ಕಿಟಕಿಯ ಕೆಳಗೆ ಒದ್ದೆ ಮುದ್ದೆ. “ಒಣಗದಿದ್ರೆ ಬರೋದೇ ಬೇಡ” ಎಂದುಬಿಟ್ಟಿದ್ದರು ಅಳಿಯಂದಿರು.

ರಿಪೇರಿ ಕಂಪನಿಯ ಅರ್ಧ ರೇಟಿನ ಚೀಟಿ ನೋಡಿ ನಾನೇ ಇಬ್ಬರು ಕೆಲಸದವರನ್ನು ಕರೆಸಿದೆ. ಬಾಗಿಲು, ನಲ್ಲಿ ಎಲ್ಲವನ್ನೂ ಚೊಕ್ಕವಾಗಿ ಮಾಡಿದರು. ಗೋಡೆ ತೋರಿಸಿದರೆ, “ಒಳಗೆ ಪೈಪು ಸೋರ್ತಿದೆ, ಗೋಡೆ ಒಡೀಬೇಕು, ಇಪ್ಪತ್ತು ದಿನ” ಎಂದರು. ಇದ್ದದ್ದೇ ಹತ್ತು ದಿನ. ನಲ್ಲಿ ಅಕ್ಕನಿಗೆ ಹೇಳಿಕಳಿಸಿದೆ.

ಅವಳು ಮನೆಯ ನಲ್ಲಿಗಳನ್ನೆಲ್ಲ ಮುಚ್ಚಿಸಿ, ನೀರಿನ ಮೀಟರಿನ ಮುಂದೆ ಕುಕ್ಕರಗಾಲಲ್ಲಿ ಕೂತಳು. ಮುಳ್ಳು ಅಲ್ಲಾಡಲಿಲ್ಲ.

“ಪೈಪು ಸೋರ್ತಿದ್ರೆ ಮುಳ್ಳು ತಿರುಗ್ಬೇಕಿತ್ತು. ಪೈಪಿಗೆ ಏನೂ ಆಗಿಲ್ಲ. ಬಟ್ಟೆಗೆ ಹಾಕೋ ನೀಲಿ ಇದ್ಯಾ?”

ಕಿಟಕಿಯ ಹೊರಗೆ, ಅದರ ಬುಡಕ್ಕೇ ಚಾಚಿಕೊಂಡ ಸಜ್ಜೆಯ ಮೇಲೆ, ಮೊಮ್ಮಗಳಿಗೆಂದು ನಮ್ಮ ಯಜಮಾನರು ಇಟ್ಟ ಹೂವಿನ ಕುಂಡವಿತ್ತು. ಅದಕ್ಕೆ ನೀಲಿ ಸುರಿದು, “ದಿನಾ ಹಾಕೋ ಹಾಗೇ ನೀರು ಹಾಕಿ” ಎಂದು ಹೋದಳು.

ಮರುದಿನ ಬೆಳಿಗ್ಗೆ ಒಳಗಿನ ಗೋಡೆ ನೀಲಿ! ನಲ್ಲಿ ಅಕ್ಕ ಬಂದವಳೇ ಇವರತ್ತ ತಿರುಗಿದಳು.

“ಯಜಮಾನ್ರೇ, ಇದು ಗಿಡಾನೋ ಎಮ್ಮೇನೋ? ಎಷ್ಟು ಕುಡಿಸ್ತೀರಿ?”

“ಬೆಳಿಗ್ಗೆ ಒಂದು ಬಕೆಟ್ಟು. ಅಷ್ಟೇನಮ್ಮ.”

ನಾನು ಸೆರಗು ಸರಿಮಾಡಿಕೊಂಡೆ. “ಸಂಜೆ... ನಾನೂ ಒಂದು ಬಕೆಟ್ಟು ಹಾಕ್ತಿದ್ದೆ. ಇವರು ಮರೀತಾರೆ ಅಂತ.”

“ನಾನು ಮರೀತೀನಾ!” ಎಂದು ಇವರು ರೇಗಿದರು. ನಲ್ಲಿ ಅಕ್ಕ ನಕ್ಕು ನಕ್ಕು ನೆಲಕ್ಕೆ ಕೂತಳು. ಆಮೇಲೆ ಕುಂಡ ಇಳಿಸಿ, ಸಜ್ಜೆಯ ಬಿರುಕಿಗೆ ಒಂದು ಹಿಡಿ ಸಿಮೆಂಟು ಮೆತ್ತಿದಳು. ಎಂಟು ದಿನ ಫ್ಯಾನು ತಿರುಗಿ ಗೋಡೆ ಗರಿಗರಿ ಒಣಗಿತು. ನೀಲಿ ಮಾತ್ರ ಉಳಿಯಿತು.

ಈಗ ಕೂಸು ಆ ನೀಲಿಯನ್ನೇ ನೋಡುತ್ತಾ ನಿದ್ದೆ ಹೋಗುತ್ತದೆ. ಬಾಗಿಲು ಸದ್ದೇ ಮಾಡದು. ಚೀಟಿಯವರ ಎಣ್ಣೆಯನ್ನು ಮೆಚ್ಚಲೇಬೇಕು.

ಕೂಸನ್ನು ನೋಡಲು ಬಂದ ನಲ್ಲಿ ಅಕ್ಕ ಕಾಫಿ ಕುಡಿದು, ಬೇಡವೆಂದರೂ ಕೇಳದೆ, ತನ್ನ ಲೋಟ ತಾನೇ ತೊಳೆದು ಬೋರಲು ಹಾಕಿದಳು. ನಲ್ಲಿ ತಿರುಗಿಸಿ, ಹನಿ ನಿಂತಿತೇ ಎಂದು ಒಂದು ಗಳಿಗೆ ನೋಡಿ, ಕೈ ಒರೆಸಿಕೊಂಡಳು.