ಬಾಟಲಿ ಹಿಡಿದ ಕೈ

ಸ್ಟುಡಿಯೋ ಅಕ್ಕನಿಗೆ ಸಿಟ್ಟು ಬರುವುದೇ ಅಪರೂಪ. ವರ್ಷಗಟ್ಟಲೆ ಪಾಸ್‌ಪೋರ್ಟ್ ಅಳತೆಯ ಮುಖಗಳನ್ನೇ ತೆಗೆದವಳಿಗೆ ತಾಳ್ಮೆ ತಾನಾಗಿ ಬಂದಿತ್ತು. ಬಿಳಿ ಪರದೆಯ ಪಕ್ಕದ ಕನ್ನಡಿಯ ಕೆಳಗೆ ಬಾಚಣಿಗೆ, ಪೌಡರ್ ಡಬ್ಬಿ, ಒದ್ದೆ ಟವಲು. ಯಾರೇ ಬರಲಿ, ಮುಖ ಒರೆಸಿ, ತಲೆ ಬಾಚಿ, "ತೆಗೀಲಾ?" ಎಂದು ಕೇಳದೆ ಬಟನ್ ಒತ್ತಿದವಳಲ್ಲ. ತಾನು ತೆಗೆದ ಒಂದಾದರೂ ಚಿತ್ರ ದೊಡ್ಡ ಗೋಡೆಯ ಮೇಲೆ ತೂಗಬೇಕು, ಕೆಳಗೆ ತನ್ನ ಹೆಸರಿರಬೇಕು ಎಂಬುದೊಂದೇ ಅವಳ ಆಸೆ. ಅದಕ್ಕಾಗಿಯೇ ಅಂಗಡಿಯನ್ನು ತಮ್ಮನ ತಲೆಗೆ ಕಟ್ಟಿ, ಬೆನ್ನಿಗೆ ಚೀಲ ಏರಿಸಿಕೊಂಡು, ಪ್ರವಾಸದ ಫೋಟೋಗ್ರಫಿ ಕಲಿಸುವ ಮೇಷ್ಟರ ತಂಡದೊಂದಿಗೆ ದೂರದ ಮರುಭೂಮಿಯ ದೇಶಕ್ಕೆ ಹೊರಟಳು. ಅಲ್ಲಿ ಒಂಟೆಗೂ ಪೌಡರ್ ಹಚ್ಚಿಬಿಡಬೇಡ ಎಂದು ತಮ್ಮ ಕಾಲೆಳೆದಿದ್ದ.

ಕೇಳಿ ತೆಗೆದರೆ ಮುಖದ ಜೀವವೇ ಹೋಗುತ್ತದೆ ಎಂಬುದು ಮೇಷ್ಟರ ಮೊದಲ ಪಾಠ. ದಾರಿ ತಮಗೆ ಅಂಗೈಯಷ್ಟು ಗೊತ್ತು ಎಂದು ಬೀಗುತ್ತಿದ್ದ ಮಹಾಶಯರು ಒಂದು ಮಧ್ಯಾಹ್ನ ದಾರಿ ತಪ್ಪಿಸಿದರು. ನೀರು ಮುಗಿಯಿತು. ಕೊನೆಗೆ ಸಿಕ್ಕಿದ್ದು ಒಂದೇ ಒಂದು ಮಣ್ಣಿನ ಮನೆ, ಅದರ ಬಾಗಿಲಲ್ಲಿ ಒಬ್ಬ ಅಜ್ಜಿ. ಇವರ ಮುಖ ನೋಡಿದವಳೇ ಒಳಗಿನಿಂದ ಕೊಡ ಹೊತ್ತು ತಂದು ಎಲ್ಲರಿಗೂ ಹೊಟ್ಟೆ ತುಂಬ ಕುಡಿಸಿದಳು. ಆಮೇಲೆ ಮೇಷ್ಟರು ದೊಡ್ಡ ಬಾಟಲಿಯನ್ನೂ ಚಾಚಿದರು.

ಅಕ್ಕನಿಗೆ ಅಂಗಡಿಯ ಚಾಳಿ ಬಿಟ್ಟಿರಲಿಲ್ಲ. ಚೀಲದಿಂದ ಟವಲು ತೆಗೆದು ಅಜ್ಜಿಯ ಮುಖ ಒರೆಸಿ, ಕೈಸನ್ನೆಯಲ್ಲೇ ಒಪ್ಪಿಗೆ ಕೇಳಿದಳು. ಅಜ್ಜಿ ಕೂದಲು ಸರಿಮಾಡಿಕೊಂಡು, ನಗುತ್ತ ಬಾಟಲಿಗೆ ನೀರು ಸುರಿದಳು. ಅಕ್ಕ ಕ್ಲಿಕ್ಕಿಸಿದಳು.

ಮೇಷ್ಟರು ಕೆಂಡವಾದರು. ಧೂಳೇ ಆ ಮುಖದ ಕಥೆ, ಅದನ್ನೇ ಒರೆಸಿ ಹಾಕಿದೆ, ಸಾಲದ್ದಕ್ಕೆ ನನ್ನ ಕೈ ಬೇರೆ ಬಂದಿದೆ, ಈ ಚಿತ್ರ ಕಸದ ಬುಟ್ಟಿಗೆ ಎಂದರು. ಬಳಿಕ ಹಿಡಿ ಧೂಳು ತೆಗೆದು ಅಜ್ಜಿಯ ಕೆನ್ನೆಗೆ ತಾವೇ ಬಳಿದರು. ಖಾಲಿ ಕೊಡವನ್ನು ಬೋರಲಾಗಿ ಹಿಡಿಸಿದರು. ಅತಿಥಿಗಳ ಆಟವೆಂದುಕೊಂಡು ಅಜ್ಜಿ ಅವರು ತೋರಿಸಿದ ಹಾಗೆ ನಿಂತಳು, ಮೇಷ್ಟರು ಕ್ಲಿಕ್ಕಿಸಿದರು. ಕುಡಿದ ನೀರು ಇನ್ನೂ ಗಂಟಲಿನಿಂದ ಇಳಿದಿರಲಿಲ್ಲ, ಈ ಮನುಷ್ಯನಿಗೆ ನಾಚಿಕೆ ಎಂಬುದೇ ಇಲ್ಲವೇ? ಅಕ್ಕನ ಮೈಯೆಲ್ಲ ಉರಿಯಿತು. ಆದರೂ ಗೋಡೆಯ ಆಸೆಗೆ ಬಾಯಿ ಮುಚ್ಚಿಕೊಂಡಳು.

ಊರಿಗೆ ಮರಳಿದ ಮೇಲೆ ಪ್ರದರ್ಶನ. ಬಾಗಿಲಷ್ಟು ದೊಡ್ಡದಾಗಿ ಅಜ್ಜಿಯ ಧೂಳಿನ ಮುಖ, ಕೆಳಗೆ "ದಾಹ" ಎಂಬ ಹೆಸರು. ಪಕ್ಕದಲ್ಲೇ ಅಕ್ಕ ತೆಗೆದ ಮರಳ ದಿಬ್ಬ, ಅದರಡಿ ಅವಳ ಹೆಸರು. ಜನ ಅಜ್ಜಿಯ ಮುಂದೆ ನಿಂತು, ಪಾಪ, ಕುಡಿಯಲು ಹನಿ ನೀರಿಲ್ಲ ಎಂದು ಲೊಚಗುಟ್ಟುತ್ತಿದ್ದರು. ತಮಗೆ ಕೊಡಗಟ್ಟಲೆ ಕುಡಿಸಿದವಳು ಇಲ್ಲಿ ಭಿಕಾರಿಯಾಗಿದ್ದಳು! ಅಕ್ಕನಿಗೆ ತಡೆಯಲಾಗಲಿಲ್ಲ. ನೇರ ಸ್ಟುಡಿಯೋಗೆ ಹೋಗಿ ಆ ಕಸದ ಬುಟ್ಟಿಯ ಚಿತ್ರಕ್ಕೆ ಕಟ್ಟು ಹಾಕಿಸಿ ತಂದಳು. ತನ್ನ ದಿಬ್ಬದ ಚಿತ್ರ ಇಳಿಸಿ ಅಲ್ಲಿ ಅದನ್ನು ನೇತುಹಾಕಿದಳು.

ಮೇಷ್ಟರು ಓಡಿ ಬಂದು ಹಲ್ಲು ಕಚ್ಚಿ ಹೇಳಿದರು: "ತೆಗಿ ಅದನ್ನ. ಇಲ್ಲಾಂದ್ರೆ ಇನ್ನು ಯಾವ ಗೋಡೆ ಮೇಲೂ ನಿನ್ನ ಹೆಸರು ಬರಲ್ಲ."

"ತೆಗೀತೀನಿ ಸಾರ್. ಮೊದಲು ನೀವು ಆ ಅಜ್ಜಿ ಮುಖ ಒರೆಸಿ."

ಸುತ್ತಲಿದ್ದವರು ತಿರುಗಿದರು. ಒಬ್ಬ ಹೆಂಗಸು ಎರಡು ಚಿತ್ರಗಳನ್ನೂ ನೋಡಿದಳು. ನಗುವ ಅಜ್ಜಿ, ಸುರಿಯುವ ನೀರು, ಬಾಟಲಿ ಹಿಡಿದ ಕೈ, ಅದರ ಬೆರಳಿನಲ್ಲಿ ದಪ್ಪ ನೀಲಿ ಕಲ್ಲಿನ ಉಂಗುರ. ಆಮೇಲೆ ಅವಳ ಕಣ್ಣು ಮೇಷ್ಟರತ್ತ ಹೊರಳಿತು.

ಮೇಷ್ಟರು ಕೈಯನ್ನು ಜೇಬಿಗೆ ಇಳಿಸಿದರು.