ಮುಚ್ಚಿದ ಬಾಗಿಲಿನ ಭಾನುವಾರ

ಜರ್ಮನಿಯ ಸಣ್ಣ ಊರುಗಳಲ್ಲಿ ಭಾನುವಾರ ಒಂದು ಅಂಗಡಿಯೂ ತೆರೆದಿರುವುದಿಲ್ಲವೆಂದು ನಾವಿರುವ ಇಂಗ್ಲೆಂಡಿನ ಬೀಸ್ಟನ್ನಿನಲ್ಲಿ ಯಾರೂ ನನಗೆ ಹೇಳಿರಲಿಲ್ಲ. ಬೆಳಗಿನ ವಿಮಾನ ಹತ್ತಿ, ಅಲ್ಲಿಂದ ರೈಲು ಹಿಡಿದು, ಸಂಜೆಗೆ ವಾಪಸು ಬರುವ ಪ್ರವಾಸ ಅದು. ಊರನ್ನು ನಾನು ಆರಿಸಲಿಲ್ಲ. ಅಗ್ಗದ ಟಿಕೆಟ್ಟೇ ಆರಿಸಿತು.

ನಿಜ ಹೇಳಬೇಕೆಂದರೆ, ನಾನು ನೋಡಲು ಹೋದದ್ದಲ್ಲ, ತಪ್ಪಿಸಿಕೊಂಡು ಹೋದದ್ದು. ನನ್ನ ಗಂಡ ತೀರಿಕೊಂಡ ಮೇಲೆ ಬಂದ ಮೊದಲ ಪಿತೃಪಕ್ಷ. ಮಂಡ್ಯದ ಕಡೆಯ ನಮ್ಮ ಮನೆಗಳಲ್ಲಿ ಸತ್ತವರಿಗೆ ಇಷ್ಟವಾದದ್ದನ್ನೆಲ್ಲ ಎಡೆಯಿಟ್ಟು, ಅವರು ಬಂದು ಉಣ್ಣಲಿ ಎಂದು ಬಾಗಿಲು ಮುಚ್ಚಿ ಎಲ್ಲರೂ ಹೊರಗೆ ನಿಲ್ಲುತ್ತೇವೆ. ಹತ್ತು ನಿಮಿಷ ಬಿಟ್ಟು ಬಾಗಿಲು ತಟ್ಟಿ ಒಳಗೆ ಹೋದ ಮೇಲೆ, ಅನ್ನದಲ್ಲಿ ಬೆರಳಿನ ಗುರುತು ಹುಡುಕುವುದು ಹಿರಿಯರ ಕೆಲಸ. ಅವರಿಗೆ ಪ್ರತಿಸಲವೂ ಸಿಗುತ್ತಿತ್ತು. ಈಗ ಮನೆಗೆ ಹಿರಿಯಳು ನಾನೇ. ನನಗೆ ಸಿಗದಿದ್ದರೆ?

ಅದಕ್ಕೇ ನಸುಕಿನಲ್ಲೇ ಮಟನ್ ಸಾರು, ಮುದ್ದೆ, ಅನ್ನ, ಡಾಕ್ಟರಾಗಿಯೂ ನನ್ನ ಗಂಡ ಬಿಡದಿದ್ದ ಆಲೂಗಡ್ಡೆ ಕ್ರಿಸ್ಪ್ಸ್ ಎಲ್ಲ ಬಡಿಸಿ, ಅಡುಗೆಮನೆಯ ಬಾಗಿಲೆಳೆದುಕೊಂಡು, ಹತ್ತು ನಿಮಿಷದ ಬದಲು ಹದಿಮೂರು ಗಂಟೆ ಹೊರಗೆ ನಿಂತೆ. ಅದೂ ಬೇರೆ ದೇಶದಲ್ಲಿ. ಲೀಡ್ಸ್‌ನಲ್ಲಿ ಓದುವ ಮಗಳು ಫೋನಿನಲ್ಲಿ, ನೀನು ಇಷ್ಟು ದೂರ ಓಡಿದರೆ ಅಪ್ಪ ಯಾವ ಪೋಸ್ಟ್‌ಕೋಡಿಗೆ ಬರಬೇಕು ಎಂದು ಇಂಗ್ಲಿಷಿನಲ್ಲೇ ಅಣಕಿಸಿದಳು.

ಮಧ್ಯಾಹ್ನದ ಹೊತ್ತಿಗೆ ಆ ಊರಿನ ಬೀದಿಯಲ್ಲಿ ನಾನೊಬ್ಬಳೇ ಇದ್ದೆ. ಅಂಗಡಿಗಳಷ್ಟೇ ಅಲ್ಲ, ಮನೆಗಳ ಕಿಟಕಿಗಳಿಗೂ ಶಟರ್ ಇಳಿದಿತ್ತು. ಆದರೆ ಊರು ಖಾಲಿಯಿರಲಿಲ್ಲ. ಮನೆಮನೆಯಿಂದಲೂ ಬೇಯಿಸಿದ ಮಾಂಸದ ವಾಸನೆ, ತಟ್ಟೆಗೆ ಚಮಚ ತಾಗುವ ಸದ್ದು. ನಾನು ಹತ್ತಿರ ಹೋದರೆ ಸದ್ದು ನಿಲ್ಲುತ್ತಿತ್ತು. ದಾಟಿದ ಮೇಲೆ ಮತ್ತೆ ಶುರುವಾಗುತ್ತಿತ್ತು. ಎಡೆಯ ಬಾಗಿಲು ತೆರೆಯುವ ಮೊದಲು ಉಣ್ಣಬಾರದೆಂದು ಬೆಳಗಿನಿಂದ ಏನೂ ತಿಂದಿರದ ನಾನು ಒಂದು ಮನೆಯ ಮುಂದೆ ಸುಮ್ಮನೆ ನಿಂತುಬಿಟ್ಟೆ. ಬಾಗಿಲು ತೆರೆಯಿತು. ವಯಸ್ಸಾದ ಹೆಂಗಸೊಬ್ಬರು ನನ್ನನ್ನಲ್ಲ, ನನ್ನ ಭುಜದ ಪಕ್ಕದ ಖಾಲಿ ಜಾಗವನ್ನು ನೋಡಿದರು. ಅಲ್ಲಿ ಯಾರೋ ಇದ್ದಂತೆ ತಲೆಬಾಗಿಸಿ, ಬಾಗಿಲು ಮುಚ್ಚಿಕೊಂಡರು.

ಒಳಗೆ ಉಣ್ಣುವವರು ಸತ್ತವರು, ಹೊರಗೆ ಕಾಯುವವರು ಬದುಕಿರುವವರು ಎಂದು ಚಿಕ್ಕಂದಿನಿಂದ ನಂಬಿದ್ದವಳಿಗೆ ಅಲ್ಲಿ ಎರಡೂ ಅದಲುಬದಲಾದಂತೆ ಕಂಡಿತು. ನಾನು ಕುರುಡಿಯಂತೆ ಸ್ಟೇಷನ್ನಿಗೆ ನಡೆದೆ. ಗುರುತು ಸಿಗದೇ ಹೋದೀತೆಂಬ ಭಯ ಹಿಂದೆ ಸರಿದು, ನನ್ನ ಗಂಡನೂ ಹೀಗೆ ನಮ್ಮ ಬಾಗಿಲಲ್ಲಿ ಹಸಿದು ನಿಂತಿದ್ದರೆ ಎಂಬುದು ಮುಂದೆ ಬಂತು.

ಮನೆ ಸೇರಿದಾಗ ಇನ್ನೂ ಸ್ವಲ್ಪ ಬೆಳಕಿತ್ತು. ಅಡುಗೆಮನೆಯ ಬಾಗಿಲು ತಟ್ಟುವಾಗಲೇ ಮಗಳ ಫೋನು ಬಂತು. ಯಾವಾಗಲೂ ಇಂಗ್ಲಿಷಿನಲ್ಲೇ ಉತ್ತರ ಕೊಡುವ ಹುಡುಗಿ ಈಗ ಮೆಲ್ಲಗೆ, "ಅಮ್ಮ, ಅಪ್ಪ ಬಂದಿದ್ರಾ?" ಎಂದಳು.

ತೆರೆದೆ. ಅನ್ನ ಒಣಗಿ ನಡುವೆ ಕುಸಿದಿತ್ತು. ಬೆರಳು ತಾಗಿಯೋ, ಒಣಗಿಯೋ, ನಾನು ಲೈಟು ಹಾಕಿ ನೋಡಲಿಲ್ಲ.

"ಬಂದಿದ್ರು ಮಗಳೇ."

ನೆಲದ ಮೇಲೆ ಕೂತು, ಅದೇ ಅನ್ನಕ್ಕೆ ತಣ್ಣನೆಯ ಸಾರು ಕಲಸಿಕೊಂಡು ಉಂಡೆ. ಫೋನಿನ ಆ ಕಡೆ ಅವಳು, ನನ್ನ ಊಟ ಮುಗಿಯುವವರೆಗೂ, ಕಾಯುತ್ತ ಕೂತಿದ್ದಳು.