ಅವ್ವನ ಕೈಗೆ ಹೊಲಿಗೆ

ಅವ್ವ ಕೈ ಕೊಯ್ದುಕೊಂಡ ದಿನ ನಾವು ಮೂವರು ಮಕ್ಕಳು ಮೊದಲು ಮಾಡಿದ ಕೆಲಸವೆಂದರೆ ಅವಳಿಗೆ ಬೈದದ್ದು.

ಇನ್ನೇನು ಮಾಡಬೇಕೆಂದು ನಮಗೆ ಯಾರು ಹೇಳಿಕೊಟ್ಟಿದ್ದರು? ನಮ್ಮ ಮನೆಯಲ್ಲಿ ಫಸ್ಟ್ ಏಡ್ ಶುರುವಾಗುತ್ತಿದ್ದದ್ದೇ ಬೈಗುಳದಿಂದ. ಬಿದ್ದವರಿಗೆ ಮೊದಲು "ಕಣ್ಣು ಎಲ್ಲಿ ಮಡಗಿದ್ದೆ?", ಆಮೇಲೆ ಬೆನ್ನಿಗೊಂದು ಗುದ್ದು, ಕೊನೆಗೆ ಗಾಯಕ್ಕೆ ಅರಿಶಿನ. (ಗುದ್ದಿಗೆ ಔಷಧ ಇರಲಿಲ್ಲ.)

ಆಗಿನ್ನೂ ಸ್ವಾತಂತ್ರ್ಯ ಬಂದು ಮೂರ್ನಾಲ್ಕು ವರ್ಷ. ನಜರ್‌ಬಾದಿನ ಹೆಂಚಿನ ಮನೆಯೊಂದರಲ್ಲಿ ಬಾಡಿಗೆಗಿದ್ದೆವು. ಅಪ್ಪ ಸರ್ಕಾರಿ ಆಫೀಸಿನಲ್ಲಿ ಗುಮಾಸ್ತ. ಅವ್ವ ಊರಾಚೆಯ ಹಳ್ಳಿ ಹಿನಕಲ್ಲಿನವಳು. ಮದುವೆಯಾಗಿ ಬರುವಾಗ ಟ್ರಂಕಿನಲ್ಲಿ ಎಷ್ಟು ಸೀರೆ ತಂದಿದ್ದಳೋ ಗೊತ್ತಿಲ್ಲ, ತಲೆಯಲ್ಲಂತೂ ಒಂದು ಆಸ್ಪತ್ರೆಯನ್ನೇ ಹೊತ್ತು ತಂದಿದ್ದಳು. ಮಂಡಿ ತರಚಿದರೆ ಅರಿಶಿನ, ಕೊಬ್ಬರಿ ಎಣ್ಣೆ. ಕಾಲು ಉಳುಕಿದರೆ ಸುಣ್ಣ, ಬೆಲ್ಲ. ಹಣೆ ಊದಿಕೊಂಡರೆ ಸೆರಗನ್ನು ಉಂಡೆ ಮಾಡಿ, ಬಿಸಿಯುಸಿರು ಊದಿ ಒತ್ತುವುದು. ರಕ್ತ ಬಂದರೆ ಕಾಫಿಪುಡಿ.

ಈ ಆಸ್ಪತ್ರೆಗೆ ರೋಗಿಗಳ ಬರ ಇರಲಿಲ್ಲ. ಅಕ್ಕ ಜಯಮ್ಮ ಸ್ವಲ್ಪ ಜೋಪಾನದವಳು. ನಾನು ನಡುವಿನವಳು, ಗಾಯದಲ್ಲೂ ನಡುವೆಯೇ. ಕೊನೆಯವನು ನಂಜುಂಡ, ಆರು ವರ್ಷದವನು. ಅವನು ಯಾವತ್ತಾದರೂ ಬೀಳದೆ ಮನೆಗೆ ಬಂದರೆ ಅವ್ವ ಹಣೆ ಮುಟ್ಟಿ ಜ್ವರ ಇದೆಯೇ ಎಂದು ನೋಡುತ್ತಿದ್ದಳು.

ಬೇಸಿಗೆ ರಜೆಯ ಒಂದು ಬೆಳಿಗ್ಗೆ. ಅಡುಗೆಮನೆಯಲ್ಲಿ ಇಡೀ ಸಿಹಿಗುಂಬಳಕಾಯಿ ಕೂತಿತ್ತು. ಇಡೀ ಕುಂಬಳಕಾಯಿಗೆ ಹೆಂಗಸರು ಮೊದಲ ಏಟು ಹಾಕಬಾರದು, ಗಂಡಸರೇ ಒಡೆದುಕೊಡಬೇಕು ಎಂಬುದು ನಮ್ಮ ಕಡೆಯ ಶಾಸ್ತ್ರ. ಮನೆಯ ಗಂಡಸು ಅದನ್ನು ಮರೆತು ಆಫೀಸಿಗೆ ಹೋಗಿದ್ದರು. ಒಲೆಯ ಮೇಲೆ ಬೇಳೆ ಬೆಂದಿತ್ತು. ಅವ್ವ ಎಷ್ಟು ಹೊತ್ತು ಕಾದಾಳು? ಈಳಿಗೆ ಮಣೆಯ ಮೇಲೆ ಕಾಲೂರಿ ಕೂತು, ಕಾಯನ್ನು ಅಲಗಿಗೆ ಒತ್ತಿದಳು. ಕಾಯಿ ಉರುಳಿತು. ಅವ್ವನ ಹೆಬ್ಬೆರಳಿನ ಬುಡ ಸೀಳಿತು.

"ನೋಡ್ಕೊಂಡು ಕುಯ್ಯಕ್ಕಾಗಲ್ವಾ ನಿಂಗೆ?" ಎಂದಳು ಜಯಕ್ಕ, ಥೇಟ್ ಅವ್ವನ ದನಿಯಲ್ಲಿ.

"ಎಷ್ಟು ಸಲ ಹೇಳೋದು?" ಎಂದೆ ನಾನು. (ಒಂದು ಸಲವೂ ಹೇಳಿರಲಿಲ್ಲ.)

ನಂಜುಂಡ ತಾನು ಎಡವಿದಾಗ ಅವ್ವ ಹೊಸಿಲಿಗೆ ಹೊಡೆಯುತ್ತಿದ್ದುದನ್ನು ಕಂಡಿದ್ದ. ಆ ನ್ಯಾಯದಂತೆ ಓಡಿಬಂದು ಕುಂಬಳಕಾಯಿಗೆ ಒದ್ದ. ಕಾಲ್ಬೆರಳು ನೊಂದು ತಾನೇ ಅಳುತ್ತ ಕೂತ.

ನಾನು ಕಾಫಿಪುಡಿ ಡಬ್ಬ ತಂದೆ. ಜಯಕ್ಕ ಒಂದು ಹಿಡಿ ಗಾಯಕ್ಕೆ ಒತ್ತಿದಳು. ರಕ್ತ ಅದನ್ನು ದಾಟಿ ಬಂತು. ಇನ್ನೊಂದು ಹಿಡಿ. ಅದನ್ನೂ ದಾಟಿತು. ಅವ್ವನ ಅಂಗೈಯಿಂದ ಡಿಕಾಕ್ಷನ್ ಇಳಿಯತೊಡಗಿತು.

"ಅಷ್ಟೂ ಸುರಿದ್ಬುಟ್ರಾ? ಸಂಜೆ ನಿಮ್ಮಪ್ಪಂಗೆ ಏನ್ ಕೊಡ್ಲಿ?" ಎಂದು ಅವ್ವ ಹಾಗೇ ಗೋಡೆಗೆ ಒರಗಿ ಕಣ್ಣು ಮುಚ್ಚಿಕೊಂಡಳು.

ಆಗ ನಮಗೆ ಭಯವಾಯಿತು. ಹಗಲಿನಲ್ಲಿ ಅವ್ವ ಗೋಡೆಗೆ ಒರಗಿದ್ದನ್ನು ನಾವು ನೋಡಿಯೇ ಇರಲಿಲ್ಲ. ಜಯಕ್ಕನ ಬೈಗುಳ ನಿಂತುಹೋಯಿತು. ಅಪ್ಪನ ಹಳೇ ಪಂಚೆ ಹರಿದು ಅವ್ವನ ಕೈಗೆ ಬಿಗಿಯಾಗಿ ಸುತ್ತಿ, ಮೇಲಕ್ಕೆತ್ತಿ ಹಿಡಿದುಕೊಂಡಳು. ನಾನು ಪಕ್ಕದ ಮನೆಗೆ ಓಡಿದೆ.

ಪಕ್ಕದ ಮನೆಯ ಗೌರಮ್ಮನವರು ಹಣೆ ತುಂಬ ವಿಭೂತಿ ಹಚ್ಚಿಕೊಂಡು ಪೂಜೆಯಿಂದ ಏಳುತ್ತಿದ್ದರು. ನಾನು ಏದುಸಿರಿನಲ್ಲಿ ಎಲ್ಲ ಹೇಳಿದೆ.

"ಇಡೀ ಕಾಯಿಗೆ ಕೈ ಹಾಕಿದ್ಲಾ?" ಎಂದರು ಮೊದಲು. ಶಾಸ್ತ್ರ ಗೆದ್ದ ಸಮಾಧಾನ ಮುಖದ ಮೇಲೆ ಒಂದು ಗಳಿಗೆ ಇತ್ತು. ಆಮೇಲೆ ಬರಿಗಾಲಲ್ಲೇ ಬೀದಿಗಿಳಿದು ಜಟಕಾ ನಿಲ್ಲಿಸಿದರು. ನಮ್ಮನ್ನು ಹತ್ತಿಸಿ, "ಒಲೆ ನಾನು ನೋಡ್ಕೋತೀನಿ, ಹೋಗ್ರಮ್ಮ" ಎಂದರು.

ಜಟಕಾ ಹೊರಟಿತು. ನಂಜುಂಡ ಅವ್ವನ ಸೆರಗು ಹಿಡಿದುಕೊಂಡು, ನಾವಿಬ್ಬರೂ ಕೇಳಲಾರದೆ ಇದ್ದದ್ದನ್ನು ಕೇಳಿಬಿಟ್ಟ. "ಅವ್ವ ಸತ್ತೋಯ್ತಾಳಾ?"

ಜಯಕ್ಕ ಅವನ ತಲೆಗೆ ಮೊಟಕಿದಳು. ಅವ್ವ ಕಣ್ಣು ಬಿಡದೆ, "ಒಡೀಬೇಡ ಕಣೆ ಮಗೀಗೆ" ಎಂದಳು. ಗಾಯವಾದದ್ದು ಅವಳಿಗೆ, ಉಪಚಾರ ಅವನಿಗೆ. ಏನು ನ್ಯಾಯವೋ.

ಆಸ್ಪತ್ರೆಯಲ್ಲಿ ಡಾಕ್ಟರು ಪಂಚೆ ಬಿಚ್ಚಿದರು. ಕೋಣೆಯೆಲ್ಲ ಕಾಫಿ ವಾಸನೆ.

"ಯಾರಮ್ಮ ಇದನ್ನ ಮೆತ್ತಿದ್ದು?"

ಅವ್ವ ನಮ್ಮ ಕಡೆ ನೋಡಿದಳು. (ಹೇಳಿಕೊಟ್ಟವರು ಯಾರೆಂದು ಅವರು ಕೇಳಲಿಲ್ಲ, ಅವಳೂ ಹೇಳಲಿಲ್ಲ.)

ಗಾಯ ತೊಳೆದು, ಆಳವಾಗಿದೆ, ಹೊಲಿಗೆ ಹಾಕಬೇಕು ಎಂದರು. ಅವ್ವ ಸ್ಟೂಲಿನಿಂದ ಎದ್ದೇಬಿಟ್ಟಳು.

"ಬುಡಿ ಡಾಕ್ಟ್ರೇ, ಒಂದು ಬಟ್ಟೆ ಕಟ್ಬುಡಿ ಸಾಕು. ಮನೇಗೋಗಿ ಅರಿಶಿನ ಆಕ್ಕೋತೀನಿ."

ಇವಳು ಯಾರು ಗೊತ್ತೇ? ಸಿಡುಬಿನ ಚುಚ್ಚುಮದ್ದಿನವರು ಬೀದಿಗೆ ಬಂದಾಗ ಮಂಚದ ಕೆಳಗಿಂದ ನಮ್ಮನ್ನು ಕಾಲು ಹಿಡಿದು ಎಳೆದು ಒಪ್ಪಿಸಿದವಳು. ಸೂಜಿ ಕಂಡಾಗಲೆಲ್ಲ ನಮಗೆ ಅವಳು ಹೇಳುತ್ತಿದ್ದ ಮಾತು ಒಂದೇ. ಅದನ್ನೇ ಈಗ ನಂಜುಂಡ ಅವಳ ಇನ್ನೊಂದು ಕೈ ಹಿಡಿದುಕೊಂಡು ಹೇಳಿದ. ಅಣಕಕ್ಕಲ್ಲ. ಪಾಪ, ಅವನು ನಂಬಿದ್ದ.

"ಇರುವೆ ಕಚ್ದಂಗಾಯ್ತದೆ ಅಷ್ಟೆ ಕಣವ್ವ. ಕಣ್ಣು ಮುಚ್ಕೋ."

"ಸುಳ್ಳೇಳ್ಬೇಡ ಕಣೋ" ಎಂದಳು ಅವ್ವ. "ಬಾಳ ನೋಯ್ತದೆ."

ಜಯಕ್ಕ ನನ್ನ ಮುಖ ನೋಡಿದಳು, ನಾನು ಅವಳದ್ದು. ಡಾಕ್ಟರು ತಲೆ ತಗ್ಗಿಸಿ ಸೂಜಿಯಲ್ಲಿ ಏನನ್ನೋ ಹುಡುಕತೊಡಗಿದರು. ನಂಜುಂಡ ಅವ್ವನ ಕೈ ಬಿಟ್ಟ.

"ಮತ್ತೆ ನಂಗ್ಯಾಕೆ ಅಂಗೇಳ್ತಿದ್ದೆ?"

ಉತ್ತರ ಬರುವ ಮೊದಲೇ ಸೂಜಿ ಬಂತು. ಅವ್ವ ಕಿರುಚಿದ್ದಕ್ಕೆ ಹೊರಗಿನ ಬೆಂಚಿನವರೆಲ್ಲ ಎದ್ದು ಬಾಗಿಲಿಗೆ ಬಂದರು. ಎರಡನೆಯ ಸಲ ಅವಳು ಕಿರುಚುವ ಮೊದಲು ನಂಜುಂಡ ಮತ್ತೆ ಕೈ ಹಿಡಿದುಕೊಂಡಿದ್ದ. ಕೋಪ ಇಳಿದಿರಲಿಲ್ಲ. ಮುಖವನ್ನು ಗೋಡೆಯ ಕಡೆ ತಿರುಗಿಸಿಕೊಂಡೇ ಹಿಡಿದಿದ್ದ.

ಸಂಜೆ ಅಪ್ಪನಿಗೆ ಬರೀ ಹಾಲು. ಗೌರಮ್ಮನವರು ಅದೇ ಕುಂಬಳಕಾಯಿಯ ಹುಳಿ ಮಾಡಿ ಕಳಿಸಿದ್ದರು. (ಕಾಯಿ ಒಡೆಯುವುದಕ್ಕೆ ತಮ್ಮ ಯಜಮಾನರನ್ನು ಕರೆಸಿದ್ದರಂತೆ.) ಕೈ ವಾಸಿಯಾಗುವವರೆಗೆ ಅಡುಗೆಗೆ ಜಯಕ್ಕ, ಪಾತ್ರೆಗೆ ನಾನು, ಸಲಹೆಗೆ ಅಪ್ಪ.

ಗಾಯ ಮಾಯಿತು, ಆದರೆ ಅವ್ವ ಕೆಟ್ಟುಹೋದಳು. ಸತ್ಯ ಹೇಳತೊಡಗಿದಳು. ಮಳೆಗಾಲದಲ್ಲಿ ನಂಜುಂಡ ಮೊಳೆ ತುಳಿದ. ಇಂಜೆಕ್ಷನ್ನಿಗೆ ಕರೆದುಕೊಂಡು ಹೋದೆವು. "ನೋಯ್ತದಾ?" ಎಂದ. ಅವ್ವ ಯೋಚಿಸಿ, "ಊಂ ಕಣಪ್ಪ, ನೋಯ್ತದೆ" ಎಂದಳು. ಆ ಹುಡುಗ ಮೊಳೆ ತುಳಿದ ಕಾಲಿನಲ್ಲೇ ಆಸ್ಪತ್ರೆಯ ಗೇಟು ದಾಟಿ ಓಡಿದ. ಬೀದಿಯವರು ಹಿಡಿದು ತರಬೇಕಾಯಿತು.

ಈಗ ನಾನೂ ತಾಯಿ. ಹೋದ ವಾರ ನನ್ನ ಮಗಳು ಮೊಣಕೈ ಒಡೆದುಕೊಂಡು ಬಂದಳು. ನಾನು ಟಿಂಚರ್ ಬಾಟಲಿ ತೆಗೆದೆ. "ಉರಿಯುತ್ತಾ ಅಮ್ಮ?" ಎಂದಳು. ಎದುರಿಗೇ ಅವ್ವ ಕೂತು ಅವರೆಕಾಯಿ ಸುಲಿಯುತ್ತಿದ್ದಳು. ನಾನೇನು ಹೇಳುತ್ತೇನೋ ಎಂದು ಕೈ ನಿಲ್ಲಿಸಿದಳು.

"ಇಲ್ಲ ಕಣೇ, ತಣ್ಣಗಿರುತ್ತೆ" ಎಂದೆ.

ಅವ್ವ ಮತ್ತೆ ಅವರೆಕಾಯಿ ಸುಲಿಯತೊಡಗಿದಳು. ಮಗಳು ಮೊಣಕೈ ಮುಂದೆ ಚಾಚಿದಳು.

‘ಸತ್ಯವನ್ನೇ ನುಡಿ’ ಎಂದು ಶಾಲೆಯ ಗೋಡೆಗಳ ಮೇಲೆ ಬರೆಸಿದವರು ಒಂದು ದಿನವಾದರೂ ಮಗುವಿನ ಗಾಯಕ್ಕೆ ಟಿಂಚರ್ ಹಚ್ಚಿದ್ದರೇ?